ಬಾಂಡ್ ಇಟಿಎಫ್: ಎನ್‌ಎವಿ ಒಂದು, ಐಎನ್‌ಎವಿ ಒಂದು, ಪೇಟೆ ರೇಟು ಮತ್ತೊಂದು. ಯಾವುದನ್ನ ನಂಬೋದು?

ಗಂಗಾವತಿ ಗಿರಣಿ

ನಮಸ್ಕಾರ್ರಿ ಎಲ್ಲಾರಿಗೂ. ಭಾರತ್ ಬಾಂಡ್ ಇಟಿಎಫ್ ಏಪ್ರಿಲ್ 2033 (ಸರ್ಕಾರಿ ಕಂಪನಿಗಳ ಬಾಂಡ್ ಇಟ್ಕೊಂಡ, ಶೇರಿನಂಗ ಪೇಟೆಯಾಗ ಕೊಳ್ಳೋ-ಮಾರೋ ಫಂಡ್) ತಗೊಳ್ಳೋ ವಿಚಾರ ಐತಿ, ಸುಮಾರು 320 ಯೂನಿಟ್. ಆದ್ರ ಒಂದೇ ಯೂನಿಟ್ಟಿಗೆ ಮೂರು ರೇಟು ಕಾಣಸ್ತಾವ. ಲೆಕ್ಕ ಸರಳ ಆಗ್ಲಿ ಅಂತ ಅಂಕಿ ದುಂಡಗ ಮಾಡಿ ಬರ್ದೀನಿ: ನಿನ್ನೆ ರಾತ್ರಿ ಆಂಫಿ (ಮ್ಯೂಚುವಲ್ ಫಂಡ್ ಕಂಪನಿಗಳ ಸಂಘ) ಸೈಟಿನ ಎನ್‌ಎವಿ, ಅಂದ್ರ ಒಂದು ಯೂನಿಟ್ಟಿನ ಪಾಲಿಗೆ ಬರೋ ಆಸ್ತಿಯ ಬೆಲೆ, 1,250.00. ಇವತ್ತು 11 ಗಂಟೆಗೆ ಐಎನ್‌ಎವಿ, ಅಂದ್ರ ದಿನದ ನಡುವ ಹೇಳೋ ಅಂದಾಜು ಎನ್‌ಎವಿ, 1,249.80. ಆ್ಯಪಿನಾಗ ಮಾರೋರು 1,252 ಕೇಳ್ತಾರ, ಕೊಳ್ಳೋರು 1,245 ಕೊಡ್ತಾರ.

ಶೇರಿನ ಇಟಿಎಫ್ ಆದ್ರ ಒಳಗಿನ ಶೇರುಗಳ ರೇಟು ಕೂಡಿಸಿದ್ರ ಮುಗೀತು. ಬಾಂಡ್ ದಿನಾ ವಹಿವಾಟೇ ಆಗಂಗಿಲ್ಲ ಅಂತಾರ, ಹಂಗಿದ್ರ ಎನ್‌ಎವಿ ಯಾರು, ಹೆಂಗ ಕಟ್ಟತಾರ? ಎನ್‌ಎವಿಗಿಂತ ಕಡಿಮಿಗೆ ಸಿಕ್ರ ಅದು ಖರೇನ ಲಾಭಾನ? 10 ವರ್ಷದ ಜಿ-ಸೆಕ್ (ಸರ್ಕಾರಿ ಸಾಲಪತ್ರ) ಇಟಿಎಫ್‌ಗೂ ಇದೇ ಲೆಕ್ಕ ನಡೀತದೇನು? ಗೊತ್ತಿದ್ದೋರು ಬಿಡಿಸಿ ಹೇಳ್ರಿ.

---

ರಾಯಚೂರು ಲೆಕ್ಕಪತ್ರ

ಶೇರಿನ ಲೆಕ್ಕ ಇಲ್ಲಿ ತರಬ್ಯಾಡ್ರಿ, ಗೊಂದಲ ಅಲ್ಲಿಂದಲೇ ಶುರು ಆಗ್ತದ. ನಿಫ್ಟಿಯ ಐವತ್ತೂ ಶೇರು ದಿನವಿಡೀ ಕೈ ಬದಲಾಗ್ತಾವ. ಸರ್ಕಾರಿ ಕಂಪನಿಯ ಒಂದು ಬಾಂಡ್ ವಾರಗಟ್ಟಲೆ ಅಲ್ಲಾಡದೇ ಕೂತಿರ್ತದ. ಹಂಗಾಗಿ ಬಾಂಡ್ ಇಟಿಎಫ್‌ನ ಎನ್‌ಎವಿ ಅರ್ಧ ಪೇಟೆ ರೇಟು, ಅರ್ಧ ಅಂದಾಜು. ಅಂದಾಜು ಅಂದ್ರ ಮನಸ್ಸಿಗೆ ಬಂದಂಗ ಅಲ್ಲ, ಅದಕ್ಕೂ ಕಟ್ಟುನಿಟ್ಟಿನ ಪದ್ಧತಿ ಅದ.

ಮೊದಲು ಕೂಡೋ-ಕಳಿಯೋ ಲೆಕ್ಕ. ಒಂದು ಇಟಿಎಫ್‌ನ ಬಾಂಡ್‌ಗಳ ಬೆಲೆ 1,940 ಕೋಟಿ, ಕೊನೇ ಕೂಪನ್ (ಬಾಂಡ್ ಕೊಡೋ ಬಡ್ಡಿ ಕಂತು) ಬಂದ ದಿನದಿಂದ ಇವತ್ತಿನ ತನಕ ಕೂಡಿದ ಬಡ್ಡಿ 42 ಕೋಟಿ, ಟ್ರೆಪ್ಸ್‌ನಲ್ಲಿ (ದಿನದ ಮಟ್ಟಿಗೆ ಸಾಲ ಕೊಡೋ ಪೇಟೆ) ಇಟ್ಟ ರೊಕ್ಕ 19 ಕೋಟಿ, ಕೊಡಬೇಕಾದ ಖರ್ಚು 1 ಕೋಟಿ ಅಂತ ತಿಳೀರಿ. ಒಟ್ಟು 2,000 ಕೋಟಿ. ಯೂನಿಟ್ 1.60 ಕೋಟಿ ಇದ್ರ ಎನ್‌ಎವಿ 1,250. ಇದರಾಗ 42 ಕೋಟಿಯನ್ನ ಬಹಳ ಮಂದಿ ಮರೀತಾರ. ಬಾಂಡ್‌ನ ರೇಟು ಅಂತ ಪರದೆ ಮ್ಯಾಲೆ ಕಾಣೋದು ಕೂಡಿದ ಬಡ್ಡಿ ಬಿಟ್ಟ ಬೆಲೆ, ಅಂದ್ರ ಕ್ಲೀನ್ ಪ್ರೈಸ್. ಎನ್‌ಎವಿಗೆ ಹೋಗೋದು ಬಡ್ಡಿ ಕೂಡಿಸಿದ ಡರ್ಟಿ ಪ್ರೈಸ್.

ಒಂದು ಬಾಂಡ್ ಹಿಡಿದು ನೋಡ್ರಿ. 7.18% ಜಿಎಸ್ 2033 ಅನ್ನೋ ಸರ್ಕಾರಿ ಸಾಲಪತ್ರ ಫೆಬ್ರುವರಿ 14ಕ್ಕೊಮ್ಮೆ, ಆಗಸ್ಟ್ 14ಕ್ಕೊಮ್ಮೆ ಬಡ್ಡಿ ಕೊಡ್ತದ. ಜಿ-ಸೆಕ್‌ಗೆ ತಿಂಗಳಿಗೆ 30, ವರ್ಷಕ್ಕೆ 360 ದಿನದ ಲೆಕ್ಕ. ನವೆಂಬರ್ 14ಕ್ಕೆ ಕೂಡಿದ ಬಡ್ಡಿ 7.18 × 90 ÷ 360 = 1.795. ಅವತ್ತು ಕ್ಲೀನ್ ಪ್ರೈಸ್ 103.20 ಇತ್ತು ಅಂತ ಇಟ್ಕೊಂಡ್ರ ಲೆಕ್ಕಕ್ಕೆ ಹಿಡಿಯೋದು 104.995. ಕೂಪನ್ ಬಂದ ದಿನ ಈ ಕೂಡಿದ ಬಡ್ಡಿ ಸೊನ್ನೆ ಆಗ್ತದ, ಅಷ್ಟೇ ಮೊತ್ತ ನಗದಿನ ಸಾಲಿಗೆ ಬಂದು ಕೂಡ್ತದ. ಎನ್‌ಎವಿ ಮಿಸುಕಾಡಂಗಿಲ್ಲ. ಕೂಪನ್ ದಿನ ನೋಡಿ ಮುಂಚಿತವಾಗಿ ಇಟಿಎಫ್ ತಗೊಳ್ರಿ ಅಂತ ಯಾರಾದ್ರೂ ಹೇಳಿದ್ರ ಕಿವಿಗೆ ಹಾಕೋಬ್ಯಾಡ್ರಿ.

ಇನ್ನ ಆ 1,940 ಕೋಟಿ ಎಲ್ಲಿಂದ ಬಂತು? ಆಂಫಿ ನೇಮಿಸಿದ ಎರಡು ಸಂಸ್ಥೆ ಅದಾವ, ಕ್ರಿಸಿಲ್ ಮತ್ತು ಇಕ್ರಾ ಕಡೆಯವು. ಪ್ರತಿ ಬಾಂಡ್‌ಗೂ ಪ್ರತಿ ದಿನ ಸಂಜಿಗೆ ಎರಡೂ ಪ್ರತ್ಯೇಕ ಬೆಲೆ ಕೊಡ್ತಾವ, ಫಂಡ್‌ನೋರು ಎರಡರ ಸರಾಸರಿ ತಗೋತಾರ. ಸರಾಸರಿ ಬಿಟ್ಟು ಬ್ಯಾರೆ ಬೆಲೆ ಹಾಕಿದ್ರ ಕಾರಣ ಬರೆದು ಬಹಿರಂಗ ಮಾಡಬೇಕು. ಮೊದಲು 30 ದಿನದೊಳಗ ಮುಗಿಯೋ ಸಾಲಪತ್ರಕ್ಕ ಪೇಟೆ ನೋಡದೇ ದಿನಾ ಇಷ್ಟು ಬಡ್ಡಿ ಅಂತ ಏರಿಸ್ಕೊಂಡು ಹೋಗೋ ಅಮಾರ್ಟೈಸೇಶನ್ ಪದ್ಧತಿ ಇತ್ತು. ಪೇಟೆ ನಿಯಂತ್ರಕ ಸೆಬಿ 2020ರ ಏಪ್ರಿಲ್ 1ರಿಂದ ಅದನ್ನೂ ತೆಗೆದುಹಾಕ್ತು. ಈಗ ಎಲ್ಲದಕ್ಕೂ ಪೇಟೆ ಬೆಲೆಯೇ.

ಆ ಸಂಸ್ಥೆಗಳು ಮೊದಲು ಅದೇ ಬಾಂಡ್ ಅವತ್ತು ವಹಿವಾಟಾಯ್ತಾ ನೋಡ್ತಾವ. 5 ಕೋಟಿಗಿಂತ ಸಣ್ಣ ವಹಿವಾಟು ಲೆಕ್ಕಕ್ಕಿಲ್ಲ, ಪೇಟೆಯಿಂದ ದೂರ ಸಿಡಿದ ರೇಟನ್ನೂ ತೆಗೆದಿಡ್ತಾರ. ಇಲ್ಲಂದ್ರ ಅದೇ ಕಂಪನಿಯ, ಹತ್ತಿರದ ಅವಧಿಯ ಬಾಂಡ್. ಅದೂ ಇಲ್ಲಂದ್ರ ಅದೇ ದರ್ಜೆಯ ಬ್ಯಾರೆ ಕಂಪನಿಯದು. ನಮ್ಮ ರಾಯಚೂರು ಎಪಿಎಂಸಿಗೆ ನಿಮ್ಮ ತಳಿ ಹತ್ತಿ ಇವತ್ತು ಬಂದಿಲ್ಲ ಅಂದ್ರ ದಲಾಲಿ ರೇಟು ಹೆಂಗ ಹೇಳ್ತಾನ? ಪಕ್ಕದ ಲಾಟಿನ ಟೆಂಡರ್ ನೋಡಿ, ಎಳೆಗ ಇಷ್ಟು, ತೇವಕ್ಕ ಇಷ್ಟು ಅಂತ ಹೆಚ್ಚುಕಡಿಮಿ ಮಾಡಿ. ಇಲ್ಲಿ ಎಳೆ, ತೇವದ ಬದಲು ಅವಧಿ ಮತ್ತು ಸಾಲದ ದರ್ಜೆ.

ಇದೆಲ್ಲಾ ಮುಗಿಯೋದು ಪೇಟೆ ಮುಚ್ಚಿದ ಮ್ಯಾಲೆ. ಎನ್‌ಎವಿ ರಾತ್ರಿ 11ರೊಳಗ ಪ್ರಕಟ ಆಗಬೇಕು. ಅಂದ್ರ ನೀವು ಬೆಳಿಗ್ಗೆ ನೋಡೋ 1,250 ನಿನ್ನೆ ಸಂಜಿಯ ಕಥಿ.

---

ಬಳ್ಳಾರಿ ಕೋಟೆ

ರಾಯಚೂರಿನವರು ಎನ್‌ಎವಿ ಪೂರ್ತಿ ಹೇಳಿದ್ದಾರೆ. ನಿಮ್ಮ ಮೂರು ರೇಟಲ್ಲಿ ಹೆಚ್ಚು ಮೋಸ ಹೋಗುವುದು ಮಧ್ಯದ್ದರಲ್ಲಿ, ಅಂದರೆ ಐಎನ್‌ಎವಿಯಲ್ಲಿ.

ಶೇರಿನ ಇಟಿಎಫ್‌ಗೆ ಐಎನ್‌ಎವಿ 15 ಸೆಕೆಂಡಿಗಿಂತ ಹೆಚ್ಚು ತಡವಾಗಬಾರದು. ಬಾಂಡ್ ಇಟಿಎಫ್‌ಗೆ ಸೆಬಿ 2022ರ ಮೇ ತಿಂಗಳ ಸುತ್ತೋಲೆಯಲ್ಲಿ ಕೇಳಿರುವುದು ದಿನಕ್ಕೆ ಕನಿಷ್ಠ ನಾಲ್ಕು ಸಲ ಮಾತ್ರ: ಆರಂಭಕ್ಕೆ, ಮುಕ್ತಾಯಕ್ಕೆ, ನಡುವೆ ಎರಡು ಸಲ, ಆ ಎರಡರ ಮಧ್ಯೆ ಕನಿಷ್ಠ 90 ನಿಮಿಷದ ಅಂತರ. ನಿಮ್ಮ 1,249.80 ಬೆಳಗಿನ 9.15ರದ್ದೇ ಇರಬಹುದು. ಆ್ಯಪ್‌ನಲ್ಲಿ ಅದರ ಪಕ್ಕ ಸಮಯ ತೋರಿಸುವುದೇ ಅಪರೂಪ. ಇಡೀ ವ್ಯವಸ್ಥೆಯಲ್ಲಿ ನನಗೆ ಸರಿಕಾಣದ್ದು ಇದೊಂದೇ: ಹಳೇ ಅಂಕಿಯನ್ನು ಈಗಿನದು ಎಂಬಂತೆ ತೋರಿಸುವುದು.

ಹಾಗಾಗಿ ನೀವೇ ಒಂದು ಲೆಕ್ಕ ಹಾಕಿಕೊಳ್ಳಿ, ಎರಡು ನಿಮಿಷದ ಕೆಲಸ. ಬೇಕಾದವು ಮೂರು ಅಂಕಿ. ನಿನ್ನೆಯ ಎನ್‌ಎವಿ. ಫಂಡ್‌ನ ತಿಂಗಳ ಫ್ಯಾಕ್ಟ್‌ಶೀಟ್‌ನಲ್ಲಿರುವ ಮಾಡಿಫೈಡ್ ಡ್ಯುರೇಷನ್, ಅಂದರೆ ಯೀಲ್ಡ್ ಶೇ 1 ಸರಿದರೆ ಬೆಲೆ ಶೇ ಎಷ್ಟು ಸರಿಯುತ್ತದೆ ಎಂಬ ಅಂಕಿ (ಮೆಕಾಲೆ ಡ್ಯುರೇಷನ್ ಅಂತ ಇನ್ನೊಂದು ಸಾಲು ಇರುತ್ತದೆ, ಅದಲ್ಲ). ಮತ್ತು ಇವತ್ತು ಯೀಲ್ಡ್ (ಈಗಿನ ಬೆಲೆಗೆ ಕೊಂಡರೆ ಬಾಂಡ್ ವರ್ಷಕ್ಕೆ ಕೊಡುವ ಪ್ರತಿಫಲ; ಅದು ಏರಿದರೆ ಬೆಲೆ ಇಳಿಯುತ್ತದೆ) ಎಷ್ಟು ಸರಿದಿದೆ ಎಂಬುದು. ಯೀಲ್ಡ್‌ಗೆ ಸಿಸಿಐಎಲ್ (ಕ್ಲಿಯರಿಂಗ್ ಕಾರ್ಪೊರೇಷನ್) ಸೈಟಿನಲ್ಲಿ ಎನ್‌ಡಿಎಸ್-ಒಎಂ (ಜಿ-ಸೆಕ್ ಕೊಳ್ಳುವ-ಮಾರುವ ವೇದಿಕೆ) ವಹಿವಾಟು ಎಲ್ಲರಿಗೂ ಕಾಣುತ್ತದೆ. ನಿಮ್ಮ ಇಟಿಎಫ್ 2033ರದ್ದಾದರೆ 2033ರ ಸುತ್ತಮುತ್ತಲ ಜಿ-ಸೆಕ್ ನೋಡಿ. ಟಿವಿಯಲ್ಲಿ ಹೇಳುವ 10 ವರ್ಷದ ಯೀಲ್ಡ್ ತಂದು ಇಲ್ಲಿ ಅಂಟಿಸಬೇಡಿ, ಎರಡೂ ಒಂದೇ ಪ್ರಮಾಣದಲ್ಲಿ ಸರಿಯುವುದಿಲ್ಲ.

ಡ್ಯುರೇಷನ್ 5, ಇವತ್ತು ಆ ಅವಧಿಯ ಯೀಲ್ಡ್ ಶೇ 0.06ರಷ್ಟು ಮೇಲೆ ಹೋಗಿದೆ ಎನ್ನಿ. ಬೆಲೆ ಇಳಿಯುವುದು 1,250 × 5 × 0.0006 = 3.75. ಒಂದು ದಿನದ ಬಡ್ಡಿ, ಶೇ 7ರಂತೆ, ಸುಮಾರು 24 ಪೈಸೆ ಸೇರುತ್ತದೆ. ಈ ಹೊತ್ತಿನ ನ್ಯಾಯವಾದ ಬೆಲೆ 1,250 − 3.75 + 0.24 = 1,246.49. ಇದರ ಪಕ್ಕದಲ್ಲಿ ಇಟ್ಟು ನೋಡಿ: 1,245 ಕೊಡುವವನು ಬರೀ ಶೇ 0.12 ಕಡಿಮೆ ಕೊಡುತ್ತಿದ್ದಾನೆ, ಆತ ಜಿಪುಣನೇನಲ್ಲ. 1,252 ಕೇಳುವವನು ಶೇ 0.44 ಹೆಚ್ಚು ಕೇಳುತ್ತಿದ್ದಾನೆ. ನಿನ್ನೆಯ ಎನ್‌ಎವಿಗೆ ಹೋಲಿಸಿದ್ದರೆ "ಎರಡೇ ರೂಪಾಯಿ ಜಾಸ್ತಿ" ಅನ್ನಿಸುತ್ತಿತ್ತು. ನಿಜದಲ್ಲಿ ಯೂನಿಟ್‌ಗೆ 5.51, ನಿಮ್ಮ 320 ಯೂನಿಟ್‌ಗೆ ಸುಮಾರು 1,763 ರೂಪಾಯಿ.

ಸೋಮವಾರ ಲೆಕ್ಕ ಹಾಕುವಾಗ ಶುಕ್ರವಾರದ ಎನ್‌ಎವಿ ಮೇಲೆ ಮೂರು ದಿನದ ಬಡ್ಡಿ, ಸುಮಾರು 72 ಪೈಸೆ, ಸೇರಿಸಿ. ಶನಿವಾರ, ಭಾನುವಾರ ಪೇಟೆಗೆ ರಜೆ, ಬಡ್ಡಿಗಲ್ಲ.

ಈ ಲೆಕ್ಕದ ಮಿತಿಯೂ ತಿಳಿದಿರಲಿ. ಸರ್ಕಾರಿ ಕಂಪನಿಯ ಬಾಂಡ್ ಯೀಲ್ಡ್ = ಜಿ-ಸೆಕ್ ಯೀಲ್ಡ್ + ಒಂದಿಷ್ಟು ಹೆಚ್ಚುವರಿ. ಆ ಹೆಚ್ಚುವರಿ ಒಂದೇ ದಿನದಲ್ಲಿ ಜಾಸ್ತಿ ಕದಲುವುದಿಲ್ಲ, ಆದರೆ ಮಾರ್ಚ್ ಕೊನೆಗೆ ಕಂಪನಿಗಳು ಸಾಲಪತ್ರ ತಂದು ಸುರಿಯುವಾಗ ಕದಲುತ್ತದೆ. ಆಗ ಜಿ-ಸೆಕ್ ಅಲ್ಲಾಡದೆ ಇದ್ದರೂ ಸಂಜೆಯ ಎನ್‌ಎವಿ ಇಳಿದು ಬರುತ್ತದೆ.

---

ಕಿನ್ನಾಳ ಬಣ್ಣ

ಇಷ್ಟೆಲ್ಲಾ ತಲಿಕೆಡಿಸ್ಕೊಳ್ಳೋದು ಯಾಕ್ರಿ? ಮೆಚ್ಯುರಿಟಿ ತನಕ ಇಟ್ಕೊಂಡ್ರ ಫಂಡ್‌ನೋರು ಎನ್‌ಎವಿ ಪ್ರಕಾರ ರೊಕ್ಕ ಕೊಡ್ತಾರ. ಎನ್‌ಎವಿಗಿಂತ ಶೇ 1 ಕಡಿಮಿಗೆ ಸಿಕ್ಕಾಗ ತಗೊಂಡು ಬಿಡ್ರಿ, ಪುಕ್ಕಟೆ ಲಾಭ.

---

ಬಳ್ಳಾರಿ ಕೋಟೆ

@ಕಿನ್ನಾಳ ಬಣ್ಣ ಅರ್ಧ ಒಪ್ಪುತ್ತೇನೆ ಸರ್. ಮುಗಿಯುವ ತಾರೀಕು ಇರುವ ಇಟಿಎಫ್‌ಗೆ ನಿಮ್ಮ ಮಾತು ಸರಿ. ಏಪ್ರಿಲ್ 2023 ಮತ್ತು ಏಪ್ರಿಲ್ 2025ರ ಭಾರತ್ ಬಾಂಡ್‌ಗಳು ಹಾಗೇ ಮುಗಿದವು, ಆ ಹೊತ್ತಿಗೆ ಪೇಟೆ ರೇಟಿನ ವ್ಯತ್ಯಾಸಕ್ಕೆ ಅರ್ಥವಿರಲಿಲ್ಲ. ಆದರೆ 10 ವರ್ಷದ ಗಿಲ್ಟ್, 5 ವರ್ಷದ ಬೆಂಚ್‌ಮಾರ್ಕ್, 8ರಿಂದ 13 ವರ್ಷದ ಜಿ-ಸೆಕ್ ಇಟಿಎಫ್‌ಗಳಿಗೆ ಕೊನೆ ಅನ್ನುವುದೇ ಇಲ್ಲ. ಅವು ಹಳೇ ಬಾಂಡ್ ಮಾರಿ ಹೊಸದು ಕೊಳ್ಳುತ್ತಲೇ ಹೋಗುತ್ತವೆ. ಅಲ್ಲಿ ಶೇ 1 ಕಡಿಮೆಗೆ ಕೊಂಡವರು ಶೇ 2 ಕಡಿಮೆಗೆ ಮಾರಿ ಹೊರಬರಬೇಕಾದರೂ ಆಶ್ಚರ್ಯವಿಲ್ಲ. ಗಂಗಾವತಿಯವರ ಮೂರನೇ ಪ್ರಶ್ನೆಗೂ ಇದೇ ಉತ್ತರ: ಎನ್‌ಎವಿ ಕಟ್ಟುವ ರೀತಿ ಎರಡಕ್ಕೂ ಒಂದೇ, ಡಿಸ್ಕೌಂಟ್‌ನ (ಎನ್‌ಎವಿಗಿಂತ ರೇಟು ಕಡಿಮೆ ಇರುವುದರ) ಬೆಲೆ ಬೇರೆ.

ಇನ್ನು "ಪುಕ್ಕಟೆ" ಅನ್ನುವುದು. ಡಿಸ್ಕೌಂಟ್ ಕಂಡರೆ ಇಟಿಎಫ್ ಅಗ್ಗ ಅಂತಲೇ ಅಲ್ಲ, ಎನ್‌ಎವಿ ಹಿಂದೆ ಬಿದ್ದಿದೆ ಅಂತಲೂ ಇರಬಹುದು. 2020ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ದೊಡ್ಡ ಕಾರ್ಪೊರೇಟ್ ಬಾಂಡ್ ಇಟಿಎಫ್‌ಗಳು ಎನ್‌ಎವಿಗಿಂತ ಸುಮಾರು ಶೇ 5 ಕೆಳಗೆ ವಹಿವಾಟಾದವು. ಇಟಿಎಫ್ ಕೆಟ್ಟಿತು ಎಂದು ಗುಲ್ಲೆದ್ದಿತು. ಆದರೆ ಒಳಗಿನ ಬಾಂಡ್‌ಗಳನ್ನು ಎನ್‌ಎವಿಯಲ್ಲಿ ಹೇಳಿದ ಬೆಲೆಗೆ ಕೊಳ್ಳುವವರು ಆ ದಿನಗಳಲ್ಲಿ ಸಿಗುತ್ತಿರಲಿಲ್ಲ. ಇಟಿಎಫ್‌ನ ರೇಟೇ ಮುಂದೆ ಹೋಗಿತ್ತು, ಎನ್‌ಎವಿ ಹಿಂದಿನಿಂದ ಇಳಿದು ಬಂತು. ಮಾರ್ಚ್ 23ಕ್ಕೆ ಅಲ್ಲಿನ ಫೆಡರಲ್ ರಿಸರ್ವ್ ಕಾರ್ಪೊರೇಟ್ ಬಾಂಡ್ ಮತ್ತು ಅಂಥ ಇಟಿಎಫ್ ಕೊಳ್ಳುವುದಾಗಿ ಘೋಷಿಸಿದ ಮೇಲೆ ಅಂತರ ಮುಚ್ಚಿತು.

ಡಿಸ್ಕೌಂಟ್‌ನ್ನು ಶೇಕಡಾದಲ್ಲಿ ಅಳೆಯುವುದಕ್ಕಿಂತ ಯೀಲ್ಡ್‌ಗೆ ತಿರುಗಿಸಿ ನೋಡಿ. ಡಿಸ್ಕೌಂಟ್ ÷ ಡ್ಯುರೇಷನ್, ಅಷ್ಟೇ. ಡ್ಯುರೇಷನ್ 5 ಇದ್ದಾಗ ಶೇ 1ರ ಡಿಸ್ಕೌಂಟ್ ಎಂದರೆ ವರ್ಷಕ್ಕೆ ಶೇ 0.20 ಹೆಚ್ಚು: 7.00 ಇದ್ದದ್ದು 7.20 ಆಗುತ್ತದೆ. ಮೆಚ್ಯುರಿಟಿ ಹತ್ತಿರ ಬಂದು ಡ್ಯುರೇಷನ್ 1ಕ್ಕೆ ಇಳಿದಾಗ ಅದೇ ಶೇ 1 ಡಿಸ್ಕೌಂಟ್ ಪೂರ್ತಿ ಶೇ 1 ಕೊಡುತ್ತದೆ. ಅವಧಿ ಉಳಿದಷ್ಟೂ ಡಿಸ್ಕೌಂಟ್ ತೆಳುವಾಗುತ್ತದೆ. ಪ್ರೀಮಿಯಂಗೂ ಇದೇ: ಮೇಲಿನ ಲೆಕ್ಕದ ಶೇ 0.44 ಪ್ರೀಮಿಯಂ ನಿಮ್ಮ ಯೀಲ್ಡ್‌ನಿಂದ ವರ್ಷಕ್ಕೆ ಸುಮಾರು ಶೇ 0.09 ತಿನ್ನುತ್ತದೆ. ಈ ಇಟಿಎಫ್ ತನ್ನ ಖರ್ಚಿಗೆ ತೆಗೆದುಕೊಳ್ಳುವುದು ಶೇ 0.0005. ಖರ್ಚು ಕಡಿಮೆ ಎಂದು ಬಂದವರು ಒಂದೇ ಆರ್ಡರ್‌ನಲ್ಲಿ ಅದರ ನೂರಾರು ಪಟ್ಟು ಕಳೆದುಕೊಳ್ಳುವುದು ಹೀಗೆ.

---

ಸಿಂಧನೂರು ಎಡದಂಡೆ

ಅಂತರ ಯಾಕೆ ಉಳಿಯುತ್ತದೆ ಎಂಬುದನ್ನು ಯಾರೂ ಮುಟ್ಟಿಲ್ಲ, ಸೇರಿಸುತ್ತೇನೆ. ಮಾರ್ಕೆಟ್ ಮೇಕರ್‌ಗಳ ಕೆಲಸವೇ ಅಂತರ ಕಂಡಾಗ ಅಗ್ಗದ ಕಡೆ ಕೊಂಡು ದುಬಾರಿ ಕಡೆ ಮಾರುವುದು. ಇಟಿಎಫ್ ಅಗ್ಗವಾದರೆ ಯೂನಿಟ್ ಕೊಂಡು ಫಂಡ್‌ಗೆ ವಾಪಸ್ ಕೊಟ್ಟು ಬಾಂಡ್ ಅಥವಾ ನಗದು ಪಡೆಯುತ್ತಾರೆ. ಶೇರಲ್ಲಿ ಇದು ಕ್ಷಣದ ಕೆಲಸ. ಬಾಂಡ್‌ನಲ್ಲಿ ಕೈಗೆ ಬಂದ ಹತ್ತಾರು ಬಾಂಡ್‌ಗಳನ್ನು ಕೋಟಿಗಳ ಲೆಕ್ಕದಲ್ಲಿ, ಫೋನ್‌ನಲ್ಲಿ ಗಿರಾಕಿ ಹುಡುಕಿ ಮಾರಬೇಕು. ಆ ಖರ್ಚು ಮತ್ತು ತಲೆನೋವಿಗಿಂತ ಅಂತರ ದೊಡ್ಡದಾಗುವ ತನಕ ಅವರು ಕೈ ಹಾಕುವುದಿಲ್ಲ. ಪೇಟೆ ಬಿಸಿಯಾದಾಗ ಈ ಖರ್ಚೂ ಏರುತ್ತದೆ, ಅಂತರವೂ ಅಗಲವಾಗುತ್ತದೆ. ಜಿ-ಸೆಕ್ ಮಾರುವುದು ಕಾರ್ಪೊರೇಟ್ ಬಾಂಡ್ ಮಾರಿದ್ದಕ್ಕಿಂತ ಸುಲಭ, ಆದರೆ ನಮ್ಮಲ್ಲಿ ಕೆಲವು ಜಿ-ಸೆಕ್ ಇಟಿಎಫ್‌ಗಳಲ್ಲಿ ದಿನದ ವಹಿವಾಟು ಎಷ್ಟು ಕಮ್ಮಿ ಎಂದರೆ ಆ ಅನುಕೂಲ ನಿಮ್ಮ ಪರದೆ ತನಕ ಬಂದು ಮುಟ್ಟುವುದಿಲ್ಲ. ಕೊಳ್ಳುವ ಮುಂಚೆ ಒಂದು ವಾರದ ವಹಿವಾಟು ತೆಗೆದು ನೋಡಿ.

ರೆಪೊ ಇಳಿದರೆ ಬಾಂಡ್ ಇಟಿಎಫ್ ಏರಲೇಬೇಕು ಎಂಬ ನಂಬಿಕೆಯನ್ನೂ ಬಿಡಿ. 2025ರ ಜೂನ್ 6ಕ್ಕೆ ರಿಸರ್ವ್ ಬ್ಯಾಂಕ್ ರೆಪೊವನ್ನು 6.00ರಿಂದ 5.50ಕ್ಕೆ ಇಳಿಸಿತು, ಜೊತೆಗೆ ನಿಲುವನ್ನು ನ್ಯೂಟ್ರಲ್‌ಗೆ ಬದಲಿಸಿತು. ಇನ್ನು ಮುಂದೆ ಇಳಿಸಲು ಜಾಗ ಕಡಿಮೆ ಎಂದು ಪೇಟೆ ಓದಿಕೊಂಡು ಉದ್ದ ಅವಧಿಯ ಯೀಲ್ಡ್ ಏರಿತು, ಆ ಇಟಿಎಫ್‌ಗಳ ಬೆಲೆ ಇಳಿಯಿತು. ಎನ್‌ಎವಿಗೆ ಬೇಕಾದದ್ದು ಆ ಅವಧಿಯ ಯೀಲ್ಡ್ ಮಾತ್ರ. ರೆಪೊ ಒಂದು ರಾತ್ರಿಯ ದರ.

ಒಳಗೆ ಏನಿದೆ ಎಂದು ನೋಡಲು ಸಾಲದ ಫಂಡ್‌ಗಳು 15 ದಿನಕ್ಕೊಮ್ಮೆ ಹಾಕುವ ಪಟ್ಟಿ ಇದೆ. ಪ್ರತಿ ಬಾಂಡ್‌ನ ಯೀಲ್ಡ್ ಸಹಿತ ಇರುತ್ತದೆ. ಅನುಮಾನ ಇದ್ದರೆ ಅದರಲ್ಲಿ ದೊಡ್ಡ ಐದು ಬಾಂಡ್ ಹಿಡಿದು ನೋಡಿದರೆ ಸಾಕು.

---

ಗಂಗಾವತಿ ಗಿರಣಿ

ಭಾಳ ಉಪಕಾರ ಆತ್ರಿ. ಈಗ ತಿಳೀತು, 1,252ಕ್ಕ ತಗೊಳಂಗಿಲ್ಲ. ಎರಡು ಸಣ್ಣ ಪ್ರಶ್ನೆ ಉಳಿದಾವ. ಆರ್ಡರ್ ಹೆಂಗ ಹಾಕಲಿ? ನಡುವ ರೊಕ್ಕ ಬೇಕಾಗಿ ಮಾರಬೇಕಂದ್ರ, ಕೊಳ್ಳೋರೇ ಇಲ್ಲದಿದ್ರ ಏನು ಗತಿ?

---

ರಾಯಚೂರು ಲೆಕ್ಕಪತ್ರ

ಮಾರ್ಕೆಟ್ ಆರ್ಡರ್ (ಸಿಕ್ಕ ರೇಟಿಗೆ ಕೊಳ್ಳೋದು) ಮುಟ್ಟಬ್ಯಾಡ್ರಿ. 1,252ಕ್ಕ 40 ಯೂನಿಟ್ ಇರ್ತದ, ಮುಂದಿನದು 1,256ಕ್ಕ, ಅದರಾಚೆ 1,270ಕ್ಕ. 320 ಯೂನಿಟ್‌ನ ಮಾರ್ಕೆಟ್ ಆರ್ಡರ್ ಎಲ್ಲವನ್ನೂ ಗುಡಿಸಿಕೊಂಡು ಹೋಗ್ತದ. ಮ್ಯಾಲೆ ಹೇಳಿದಂಗ ನಿಮ್ಮ ಬೆಲೆ ಲೆಕ್ಕ ಮಾಡ್ರಿ, 1,246.50 ಬಂತು ಅನ್ರಿ, ಅದರ ಆಸುಪಾಸಿನಾಗ ಲಿಮಿಟ್ ಆರ್ಡರ್ (ಈ ಬೆಲೆ ದಾಟಬ್ಯಾಡ ಅನ್ನೋ ಆರ್ಡರ್) ಇಟ್ಟು ಕೂಡ್ರಿ. ಬೆಳಿಗ್ಗೆ 9.15ರಿಂದ ಮೊದಲ ಅರ್ಧ ತಾಸು ಬ್ಯಾಡ, ಆಗ ಜಿ-ಸೆಕ್ ಪೇಟೆ ಇನ್ನೂ ನೆಲೆಗೆ ಬಂದಿರಂಗಿಲ್ಲ, ಬಿಡ್ಡಿಗೂ ಆಫರಿಗೂ ದೂರ ಜಾಸ್ತಿ. ರಿಸರ್ವ್ ಬ್ಯಾಂಕ್ ನೀತಿ ಹೇಳೋ ದಿನ 10 ಗಂಟೆ ಸುತ್ತಮುತ್ತನೂ ಬ್ಯಾಡ. ಅವತ್ತು ಸಿಗಲಿಲ್ಲಂದ್ರ ಮರುದಿನ ಹೊಸಾ ಎನ್‌ಎವಿ ಹಿಡಿದು ಬೆಲೆ ತಿದ್ದಿ ಇಡ್ರಿ. ಹಳೇ ಲಿಮಿಟ್ ಹಂಗೇ ಬಿಟ್ರ ಯೀಲ್ಡ್ ಏರಿದ ದಿನವೇ ಅದು ನಿಮಗ ದಕ್ಕೋದು.

ಮಾರೋದಕ್ಕೆ. ಸೆಬಿ ಪ್ರಕಾರ ಪ್ರತಿ ಇಟಿಎಫ್‌ಗೂ ಕನಿಷ್ಠ ಇಬ್ಬರು ಮಾರ್ಕೆಟ್ ಮೇಕರ್ ಇರಬೇಕು. ಫಂಡ್ ಜೋಡಿ ನೇರ ವ್ಯವಹಾರ 25 ಕೋಟಿ ದಾಟಿದವರಿಗೆ ಮಾತ್ರ, ನಮ್ಮ-ನಿಮ್ಮಂಥವರಿಗಲ್ಲ. ಆದ್ರ ಮೂರು ಸಂದರ್ಭದಾಗ ಎಷ್ಟೇ ಸಣ್ಣ ಹೂಡಿಕೆದಾರ ಇದ್ರೂ ಫಂಡ್‌ಗೇ ಯೂನಿಟ್ ಕೊಟ್ಟು ಹೊರಬರಬಹುದು: ಪೇಟೆ ರೇಟು ದಿನದ ಎನ್‌ಎವಿಗಿಂತ ಶೇ 1ಕ್ಕಿಂತ ಹೆಚ್ಚು ಕೆಳಗ ಸತತ 7 ವಹಿವಾಟು ದಿನ ಇದ್ರ, ಸತತ 3 ದಿನ ಕೋಟ್‌ಗಳೇ ಇಲ್ಲದಿದ್ರ, ಕೊಳ್ಳೋರ ಒಟ್ಟು ಬಿಡ್ 7 ದಿನದ ಸರಾಸರಿಯಾಗಿ ಕ್ರಿಯೇಷನ್ ಯೂನಿಟ್‌ನ (ಫಂಡ್ ಒಮ್ಮೆಗೆ ಕೊಡೋ-ತಗೊಳ್ಳೋ ಯೂನಿಟ್‌ಗಳ ಗಂಟು) ಅರ್ಧಕ್ಕಿಂತ ಕಡಿಮಿ ಇದ್ರ. ಅಂಥ ಅವಕಾಶ ತೆರೆದಾಗ ಫಂಡ್‌ನ ಸೈಟಿನಾಗ ಹಾಕಿರಬೇಕು. ಅವತ್ತೇ ಅರ್ಜಿ ಕೊಡ್ರಿ, ಅಂತರ ಮುಚ್ಚಿದ್ರ ಬಾಗಿಲೂ ಮುಚ್ಚತದ.

ನಡುವ ರೊಕ್ಕ ಬೇಕಾಗೋ ಸಾಧ್ಯತೆ ಜಾಸ್ತಿ ಇದ್ರ ಇಟಿಎಫ್ ಬದಲು ಅದೇ ವರ್ಷಕ್ಕ ಮುಗಿಯೋ ಟಾರ್ಗೆಟ್ ಮೆಚ್ಯುರಿಟಿ ಇಂಡೆಕ್ಸ್ ಫಂಡ್ ನೋಡ್ರಿ. ಖರ್ಚು ಸ್ವಲ್ಪ ಜಾಸ್ತಿ, ಆದ್ರ ಕೊಳ್ಳೋದೂ ಮಾರೋದೂ ನೇರ ಎನ್‌ಎವಿಗೆ, ಬಿಡ್ ಹುಡುಕೋ ಗೋಜಿಲ್ಲ. 2023ರ ಏಪ್ರಿಲ್ 1ರ ನಂತರ ತಗೊಂಡ ಯೂನಿಟ್‌ನ ಲಾಭಕ್ಕ ಎರಡರಾಗೂ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರನೇ ತೆರಿಗೆ, ಅದರಾಗ ಫರಕ್ ಇಲ್ಲ.

---

ಕಿನ್ನಾಳ ಬಣ್ಣ

ಡಿಸ್ಕೌಂಟ್ ÷ ಡ್ಯುರೇಷನ್ ಲೆಕ್ಕ ಹಿಡಿಸ್ತು. ಏಪ್ರಿಲ್ 2030ರದ್ದಕ್ಕೂ 2033ರದ್ದಕ್ಕೂ ಒಂದೇ ಶೇ 0.5 ಡಿಸ್ಕೌಂಟ್ ಕಂಡ್ರ 2030ರದ್ದು ಮೇಲು ಅಂದಂಗಾತು, ಹೌದಲ್ರಿ?

---

ಬಳ್ಳಾರಿ ಕೋಟೆ

ಡಿಸ್ಕೌಂಟ್‌ನಿಂದ ಸಿಗುವ ಹೆಚ್ಚುವರಿ 2030ರಲ್ಲಿ ಜಾಸ್ತಿ, ಹೌದು. ಆದರೆ ಮೊದಲು ಎರಡರ ಮೂಲ ಯೀಲ್ಡ್ ಪಕ್ಕಪಕ್ಕ ಇಡಿ, ಆಮೇಲೆ ಈ ಹೆಚ್ಚುವರಿ ಕೂಡಿಸಿ. 2033ರದ್ದು ಮೂಲದಲ್ಲೇ ಶೇ 0.25 ಮುಂದಿದ್ದರೆ 2030ರ ಡಿಸ್ಕೌಂಟ್ ಅದನ್ನು ಮುಟ್ಟಲಿಕ್ಕಿಲ್ಲ. ಮತ್ತು ಆ ಶೇ 0.5ನ್ನು ಅಳೆದದ್ದು ನಿನ್ನೆಯ ಎನ್‌ಎವಿಗೋ, ಈ ಹೊತ್ತಿನ ಲೆಕ್ಕಕ್ಕೋ ನೋಡಿಕೊಳ್ಳಿ. ಯೀಲ್ಡ್ ಶೇ 0.10 ಏರಿದ ದಿನ, ಡ್ಯುರೇಷನ್ 5 ಇರುವ ಇಟಿಎಫ್ ನ್ಯಾಯವಾದ ಬೆಲೆಯಲ್ಲಿದ್ದರೂ ನಿನ್ನೆಯ ಎನ್‌ಎವಿಗೆ ಸುಮಾರು ಶೇ 0.5 ಡಿಸ್ಕೌಂಟ್‌ನಲ್ಲಿ ಇರುವಂತೆಯೇ ಕಾಣುತ್ತದೆ.